ಪೈಲ್ವಾನನ ಉಂಬಳಿಯಿಂದ ಹರಾಜಿನ ಕೂಗಿನವರೆಗೆ: ಕ್ರೀಡಾಪಟುವಿನ ಸಂಭಾವನೆಯ ಚಾರಿತ್ರಿಕ ನೆಲೆಗಳು

1. ಪೀಠಿಕೆ

2008ರ ಫೆಬ್ರವರಿ 20ರಂದು ಮುಂಬೈಯಲ್ಲಿ ನಡೆದ ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ಆಟಗಾರರ ಹರಾಜು ಭಾರತೀಯ ಕ್ರೀಡಾ ಇತಿಹಾಸದಲ್ಲಿ ಒಂದು ಗಡಿಕಲ್ಲು. ಅಂದು ಮಹೇಂದ್ರಸಿಂಗ್ ಧೋನಿಯವರಿಗೆ ಚೆನ್ನೈ ತಂಡ 15 ಲಕ್ಷ ಡಾಲರುಗಳನ್ನು ಕೂಗಿತು. 2024ರ ನವೆಂಬರಿನ ಹರಾಜಿನಲ್ಲಿ ಲಖನೌ ತಂಡ ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ನೀಡಿತು. ಈ ಎರಡು ಹರಾಜುಗಳ ನಡುವಿನ ಅವಧಿಯಲ್ಲಿ ಒಂದು ಪ್ರಶ್ನೆ ಪತ್ರಿಕೆಗಳಲ್ಲಿಯೂ ಹಳ್ಳಿಯ ಕಟ್ಟೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬಂದಿದೆ: ಚೆಂಡು ಹೊಡೆಯುವವನಿಗೆ, ಎದುರಾಳಿಯನ್ನು ಹಿಡಿದು ಕೆಡಹುವವನಿಗೆ ಇಷ್ಟೊಂದು ಹಣ ಸಲ್ಲತಕ್ಕದ್ದೆ? ಅನ್ನ ಬೆಳೆಯುವವನಿಗೂ ಅಕ್ಷರ ಕಲಿಸುವವನಿಗೂ ಇಲ್ಲದ ಬೆಲೆ ಆಟಗಾರನಿಗೆ ಏಕೆ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಅರ್ಥಶಾಸ್ತ್ರದ ನೆಲೆಯಲ್ಲಿ ಇಲ್ಲವೆ ನೀತಿಯ ನೆಲೆಯಲ್ಲಿ ಚರ್ಚಿಸಲಾಗುತ್ತದೆ. ಆದರೆ ಇದಕ್ಕೆ ಒಂದು ಚಾರಿತ್ರಿಕ ನೆಲೆಯೂ ಇದೆ. ದೇಹಬಲವನ್ನೂ ದೇಹಕೌಶಲವನ್ನೂ ಜನರ ಮುಂದೆ ಪ್ರದರ್ಶಿಸಿ ಬದುಕುವವನಿಗೆ ಸಮಾಜ ಏನು ಕೊಡಬೇಕು ಎಂಬುದು ಕನ್ನಡ ನಾಡಿನಲ್ಲಿ ಕನಿಷ್ಠ ಒಂಬತ್ತು ಶತಮಾನಗಳಿಂದ ದಾಖಲಾಗುತ್ತ ಬಂದಿರುವ ವಿಚಾರ. ಗರಡಿ, ಜಾತ್ರೆ, ದಸರಾ, ಕಂಬಳ ಮುಂತಾದ ಜನಪದ ಸಂಸ್ಥೆಗಳು ಈ ಪ್ರಶ್ನೆಗೆ ತಮ್ಮದೇ ಆದ ಉತ್ತರಗಳನ್ನು ಕಂಡುಕೊಂಡಿದ್ದವು. ಆ ಉತ್ತರಗಳನ್ನು ಇಂದಿನ ಹರಾಜಿನ ಎದುರಿಗೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದಗಳು ಹೇಳುವ ಇತಿಹಾಸ

ಪ್ರತಿಫಲಕ್ಕೆ ಸಂಬಂಧಿಸಿದ ಕನ್ನಡದ ಪದಗಳನ್ನು ಮೊದಲಿಗೆ ಗಮನಿಸುವುದು ಉಚಿತ. 'ಉಂಬಳಿ' ಎಂಬುದು ಉಣ್ಣು ಎಂಬ ಧಾತುವಿನಿಂದ ಬಂದದ್ದು. ಉಣ್ಣುವುದಕ್ಕೆಂದು ಬಿಟ್ಟುಕೊಟ್ಟ ಭೂಮಿ ಎಂಬುದು ಅದರ ಮೂಲಾರ್ಥ. 'ಸಂಬಳ' ಎಂಬ ಪದ ಸಂಸ್ಕೃತದ ಶಂಬಲ ಶಬ್ದಕ್ಕೆ ಸಂಬಂಧಿಸಿದುದು. ಅದರ ಅರ್ಥ ದಾರಿಬುತ್ತಿ. 'ಸಂಭಾವನೆ'ಯ ಮೂಲದಲ್ಲಿರುವುದು ಗೌರವದ ಭಾವ. ದಿನದ ಅಕ್ಕಿಬೇಳೆಯ ಅಳತೆಯನ್ನು ಸೂಚಿಸುವ 'ಪಡಿ' ಎಂಬ ಪದವೂ ಇದೇ ಸಾಲಿಗೆ ಸೇರುತ್ತದೆ. ಹೀಗೆ ಪ್ರತಿಫಲವನ್ನು ಸೂಚಿಸುವ ಹಳೆಯ ಪದಗಳಲ್ಲಿ ಎರಡು ಎಳೆಗಳು ಕಾಣುತ್ತವೆ: ಒಂದು ಅನ್ನ, ಇನ್ನೊಂದು ಮರ್ಯಾದೆ.

ಇವುಗಳಿಗೆ ಹೊರತಾದ ಮೂರನೆಯ ಎಳೆಯೂ ಒಂದಿದೆ. ಇಂದು ಸ್ಪರ್ಧೆಯ ಅರ್ಥದಲ್ಲಿ ಬಳಕೆಯಾಗುವ 'ಪಂದ್ಯ' ಎಂಬ ಪದದ ಹಿಂದೆ ಪಣ, ಬಾಜಿ ಎಂಬ ಅರ್ಥವಿದೆ. ಅಂದರೆ ಆಟ ಮತ್ತು ಹಣದ ಸಂಬಂಧ ಹೊಸದಲ್ಲ. ಆದರೆ ಪಂದ್ಯದ ಪಣ ನೋಡುವವರ ನಡುವಿನ ವ್ಯವಹಾರವಾಗಿತ್ತು. ಆಡುವವನಿಗೆ ಸಲ್ಲುತ್ತಿದ್ದುದು ಅನ್ನ ಮತ್ತು ಮರ್ಯಾದೆ. 'ಹರಾಜು' ಎಂಬ ಪದ ಆಟಗಾರನಿಗೆ ಅನ್ವಯವಾದದ್ದು ಈ ಶತಮಾನದಲ್ಲಿ. ಅದುವರೆಗೆ ಹರಾಜಿಗೆ ಬರುತ್ತಿದ್ದವು ಸರಕು, ಜಾನುವಾರು ಮತ್ತು ಸಾಲ ತೀರಿಸಲಾಗದವನ ಮನೆ. ಆಟಗಾರನ ಹೆಚ್ಚಿನ ಹಣದ ಬಗ್ಗೆ ಜನರಲ್ಲಿ ಕಾಣುವ ಇರುಸುಮುರುಸಿಗೆ ಮೊತ್ತದಷ್ಟೇ ಈ ಪದವೂ ಕಾರಣವಾಗಿರುವುದು ಸಾಧ್ಯ.

3. ಆಸ್ಥಾನದ ಮಲ್ಲರು

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಕೃತಿ ಮಾನಸೋಲ್ಲಾಸ 12ನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದುದು. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಅಂಕವಿನೋದ, ಮಲ್ಲವಿನೋದಗಳಿಗೆ ಪ್ರತ್ಯೇಕ ಸ್ಥಾನವಿದೆ. ಅಂಕವೆಂದರೆ ಆಯುಧ ಹಿಡಿದವರ ದ್ವಂದ್ವಯುದ್ಧ. ಕರಾವಳಿಯ 'ಕೋಳಿ ಅಂಕ'ದಲ್ಲಿ ಆ ಪದ ಇಂದಿಗೂ ಉಳಿದುಕೊಂಡಿದೆ. ಮಲ್ಲವಿನೋದದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ, ಅಭ್ಯಾಸಗಳಿಗೆ ಅನುಗುಣವಾಗಿ ವಿಂಗಡಿಸಲಾಗಿದೆ. ಅವರಿಗೆ ಕೊಡಬೇಕಾದ ಹಾಲು, ಮೊಸರು, ತುಪ್ಪ, ಮಾಂಸ ಮುಂತಾದ ಪುಷ್ಟಿಕರ ಆಹಾರದ ವಿವರಗಳಿವೆ. ಅವರು ಮಾಡಬೇಕಾದ ಸಾಮಿನ ಕ್ರಮವಿದೆ. ಗೆದ್ದವನಿಗೆ ಅರಸನ ಉಡುಗೊರೆಯ ಮಾತಿದೆ.

ಇಲ್ಲಿ ಗಮನಾರ್ಹವಾದ ಸಂಗತಿ ಎಂದರೆ ಉಡುಗೊರೆಗಿಂತ ಪೋಷಣೆಗೆ ದೊರೆತಿರುವ ಪ್ರಾಶಸ್ತ್ಯ. ಕಾಳಗ ಕೆಲವು ಗಳಿಗೆಗಳದ್ದು. ಅದಕ್ಕೆ ಸಿದ್ಧವಾಗುವ ದೇಹ ವರ್ಷಗಳ ಕೆಲಸ. ಆ ವರ್ಷಗಳಲ್ಲಿ ಜಟ್ಟಿ ಬೇರೆ ದುಡಿಮೆ ಮಾಡಲಾರ. ಆದುದರಿಂದ ಅವನ ಊಟದ ಹೊಣೆ ನೋಡುವವನದು ಎಂಬ ತಿಳಿವಳಿಕೆ ಈ ಗ್ರಂಥದ ಹಿಂದಿದೆ. ಗರಡಿಯ ಭಾಷೆಯಲ್ಲಿ ಇದಕ್ಕೆ 'ಖುರಾಕು' ಎಂಬ ಮಾತಿದೆ. ಪೈಲ್ವಾನನನ್ನು ಸಾಕುವುದು ಸುಲಭವಲ್ಲ ಎಂಬ ಭಾವ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ವಿಜಯನಗರದ ಕಾಲಕ್ಕೆ ಬಂದರೆ ವಿವರಗಳು ಇನ್ನಷ್ಟು ನಿಚ್ಚಳವಾಗುತ್ತವೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಜಟ್ಟಿಗಳ ಶಿಲ್ಪಗಳಿವೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಕುಸ್ತಿಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಲ್ಲು ಮುರಿಯುವ, ಕಣ್ಣು ಹೋಗುವ ಮಟ್ಟದ ಪೆಟ್ಟುಗಳನ್ನೂ ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುವುದನ್ನೂ ಅವನು ದಾಖಲಿಸುತ್ತಾನೆ. ಜೊತೆಗೆ, ಸಮಬಲರನ್ನು ಜೋಡಿಸುವುದಕ್ಕೂ ಗೆದ್ದವನಿಗೆ ತಕ್ಕ ಮರ್ಯಾದೆಯನ್ನು ನಿರ್ಣಯಿಸುವುದಕ್ಕೂ ನಾಯಕರು ಮತ್ತು ತೀರ್ಪುಗಾರರು ಇದ್ದರೆಂಬುದನ್ನೂ ತಿಳಿಸುತ್ತಾನೆ. ಸುಮಾರು ಒಂದೂವರೆ ದಶಕದ ಅನಂತರ ಬರೆದ ಫೆರ್ನಾವೊ ನೂನಿಜನು ಅರಸನಲ್ಲಿ ಸಾವಿರ ಜಟ್ಟಿಗಳಿದ್ದರೆಂದೂ ಅವರಿಗೆ ಬೇರೆ ಯಾವ ಚಾಕರಿಯೂ ಇರಲಿಲ್ಲವೆಂದೂ ಹೇಳುತ್ತಾನೆ. ಕೈಯಲ್ಲಿ ಮೊನೆಗಳಿರುವ ಬಳೆಯಾಕಾರದ ಆಯುಧ ಹಿಡಿದು ಅವರು ಹೊಡೆದಾಡುತ್ತಿದ್ದರು. ಹೆಚ್ಚು ಗಾಯಗೊಂಡವನು ಹೋಗಿ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನೆಂಬುದು ಅವನ ಹೇಳಿಕೆ. ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರಿದ್ದರೆಂಬುದನ್ನೂ ಅವನೇ ದಾಖಲಿಸಿದ್ದಾನೆ.

ಗಾಯಗೊಂಡವನಿಗೆ ವಸ್ತ್ರ ಎಂಬ ನೂನಿಜನ ಮಾತು ಈ ಚರ್ಚೆಗೆ ಬಹಳ ಮುಖ್ಯವಾದುದು. ಇಂದಿನ ಲೆಕ್ಕದಲ್ಲಿ ಬಹುಮಾನ ಗೆಲುವಿಗೆ ಮಾತ್ರ ಸಲ್ಲುವಂಥದು. ಅಲ್ಲಿ ಅದು ದೇಹ ತೆತ್ತ ಬೆಲೆಗೂ ಸಲ್ಲುತ್ತಿತ್ತು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ ಬಿಡುತ್ತಿದ್ದ ಸಮಾಜದ ಮನೋಧರ್ಮವೇ ಇಲ್ಲಿಯೂ ಕೆಲಸ ಮಾಡಿದೆ ಎಂದು ಊಹಿಸಬಹುದು.

4. ಮೈಸೂರಿನ ಜಟ್ಟಿಗಳು

ವಿಜಯನಗರದ ಮಹಾನವಮಿಯ ಆಚರಣೆಗಳನ್ನು ಮುಂದುವರಿಸಿದ ಮೈಸೂರಿನ ಒಡೆಯರ ಆಳ್ವಿಕೆಯಲ್ಲಿ ಮಲ್ಲವಿದ್ಯೆಗೆ ಹೊಸ ಆಶ್ರಯ ದೊರೆಯಿತು. ರಣಧೀರ ಕಂಠೀರವ ನರಸರಾಜ ಒಡೆಯರ (ಆಳ್ವಿಕೆ 1638-1659) ಬಗ್ಗೆ ಪ್ರಚಲಿತವಾಗಿರುವ ಐತಿಹ್ಯ ಇಲ್ಲಿ ಉಲ್ಲೇಖನೀಯ. ತಿರುಚಿರಾಪಳ್ಳಿಯಲ್ಲಿ ಒಬ್ಬ ಜಟ್ಟಿ ತನ್ನ ಚಲ್ಲಣವನ್ನು ಕೋಟೆಯ ಬಾಗಿಲಿಗೆ ಕಟ್ಟಿಸಿ, ತನ್ನನ್ನು ಗೆಲ್ಲಲಾರದವರು ಅದರಡಿ ನುಸುಳಿ ಹೋಗಬೇಕೆಂದು ಸವಾಲು ಹಾಕಿದ್ದನಂತೆ. ಕಂಠೀರವರು ಮಾರುವೇಷದಲ್ಲಿ ಹೋಗಿ ಅವನನ್ನು ಸಂಹರಿಸಿ, ಅಲ್ಲಿನ ಅರಸು ಮರ್ಯಾದೆ ಮಾಡುವುದಕ್ಕೆ ಮೊದಲೇ ಊರು ಬಿಟ್ಟರೆಂಬುದು ಕಥೆ. ಇದರ ಚಾರಿತ್ರಿಕ ಸತ್ಯಾಂಶ ಏನೇ ಇರಲಿ, ಜನಮನ ಇದನ್ನು ಉಳಿಸಿಕೊಂಡ ಬಗೆ ಅರ್ಥಪೂರ್ಣ. ಬಹುಮಾನವನ್ನು ಬಿಟ್ಟುಬರುವುದು ಅರಸನಿಗೆ ಶೋಭೆ. ಏಕೆಂದರೆ ಅವನ ಊಟಕ್ಕೆ ಬೇರೆ ದಾರಿಯಿದೆ. ಜಟ್ಟಿಗೆ ಆ ಸವಲತ್ತಿಲ್ಲ. ವಿರಾಟನ ಆಸ್ಥಾನದಲ್ಲಿ ವಲಲನಾಗಿದ್ದ ಭೀಮನೂ ಜೀಮೂತನೆಂಬ ಮಲ್ಲನನ್ನು ಕೊಂದು ಅರಸನಿಂದ ಧನವನ್ನು ಪಡೆದವನೇ. ಹಣಕ್ಕಾಗಿ ಆಡುವುದು ಕೀಳು ಎಂಬ ಭಾವನೆಯ ಹಿಂದೆ ಹಣದ ಅಗತ್ಯವಿಲ್ಲದವರ ದೃಷ್ಟಿ ಇರುತ್ತದೆ ಎಂಬುದನ್ನು ಈ ಎರಡು ಕಥೆಗಳನ್ನು ಒಟ್ಟಿಗಿಟ್ಟಾಗ ಕಾಣಬಹುದು.

ಮೈಸೂರಿನ ಜಟ್ಟಿ ಸಮುದಾಯ ತನ್ನ ಮೂಲವನ್ನು ಜ್ಯೇಷ್ಠಿಮಲ್ಲರಲ್ಲಿ ಗುರುತಿಸಿಕೊಳ್ಳುತ್ತದೆ. ನಿಂಬಜಾದೇವಿ ಅವರ ಕುಲದೈವ. ವಿಜಯದಶಮಿಯಂದು ಜಂಬೂಸವಾರಿಗೆ ಮುನ್ನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಇಂದಿಗೂ ಉಳಿದಿರುವ ಆಚರಣೆ. ತಲೆ ಬೋಳಿಸಿಕೊಂಡು ಜುಟ್ಟು ಉಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ವಜ್ರನಖ ಧರಿಸಿ ಕಾದಾಡುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳಿಂದ ಇದಕ್ಕೆ ಆಯ್ಕೆ ನಡೆಯುತ್ತದೆ. ನೂನಿಜನು ಕಂಡ ಬಳೆಯಾಕಾರದ ಆಯುಧಕ್ಕೂ ಈ ವಜ್ರನಖಕ್ಕೂ ಇರುವ ಹೋಲಿಕೆ ಸ್ಪಷ್ಟವಾಗಿದೆ.

ಆದರೆ ರಾಜಾಶ್ರಯವನ್ನು ಆದರ್ಶೀಕರಿಸುವುದು ಸರಿಯಾಗಲಾರದು. ಅದು ಹುಟ್ಟಿನಿಂದ ಬಂದ ವೃತ್ತಿಯಾಗಿತ್ತು. ಬಿಟ್ಟುಹೋಗುವ ಸ್ವಾತಂತ್ರ್ಯ ಕಡಿಮೆ. ಅರಸನ ಇಚ್ಛೆಯೇ ಅಳತೆಗೋಲು. ಟಿಪ್ಪುವಿನ ಕಾಲದಲ್ಲಿ ಜಟ್ಟಿಗಳನ್ನು ಮರಣದಂಡನೆ ಜಾರಿಗೊಳಿಸಲೂ ಬಳಸಲಾಗುತ್ತಿತ್ತೆಂದು ಬ್ರಿಟಿಷ್ ಬರಹಗಳು ಹೇಳುತ್ತವೆ. ಅನ್ನ ಕೊಟ್ಟವನು ದೇಹದ ಮೇಲೆ ಹಕ್ಕನ್ನೂ ಪಡೆಯುತ್ತಿದ್ದ ಎಂಬುದು ಈ ವ್ಯವಸ್ಥೆಯ ಇನ್ನೊಂದು ಮುಖ.

5. ಜಾತ್ರೆಯ ಕಣ: ಊರು ಕೊಡುವ ಬಹುಮಾನ

ಅರಮನೆಯ ಆಚೆಗೆ, ಊರಿನ ಜಾತ್ರೆಗಳಲ್ಲಿ ಬೇರೊಂದು ಪದ್ಧತಿ ಬೆಳೆದು ಬಂದಿತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕುಸ್ತಿಯಷ್ಟೇ ಜನಪ್ರಿಯವಾದವು ಗುಂಡು ಎತ್ತುವುದು, ಸಂಗ್ರಾಣಿ ಕಲ್ಲು ಎತ್ತುವುದು, ಚೀಲ ಎತ್ತುವುದು. ಕುಸ್ತಿಯ ಕಣದಲ್ಲಿ ಮೊದಲು ಇಳಿಯುವ ಹುಡುಗರ ಜೋಡಿಗಳಿಗೆ ತೆಂಗಿನಕಾಯಿ. ಅನಂತರದವರಿಗೆ ಟವೆಲು, ಪಟಗ, ಸಣ್ಣ ಮೊತ್ತದ ಹಣ. ಕೊನೆಯ ದೊಡ್ಡ ಜೋಡಿಗೆ ಬೆಳ್ಳಿಯ ಕಡಗ ಇಲ್ಲವೆ ಬೆಳ್ಳಿಯ ಗದೆ. ಬಹುಮಾನದ ಈ ಏಣಿಯಲ್ಲಿ ಮೆಟ್ಟಿಲುಗಳ ನಡುವೆ ಅಂತರವಿದೆ. ಆದರೆ ಬರಿಗೈಯಲ್ಲಿ ಹೋಗುವವರು ಕಡಿಮೆ. ಗೆದ್ದವನು ಕಣವನ್ನು ಸುತ್ತುವಾಗ ಪ್ರೇಕ್ಷಕರು ತಮ್ಮ ಕೈಲಾದಷ್ಟು ಹಣ ನೀಡುವ ರೂಢಿಯೂ ಇದೆ.

ಜಾತ್ರೆಯ ಬಹುಮಾನದ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಕೊಡುವವರು ಯಾರು, ಎಷ್ಟು ಕೊಟ್ಟರು ಎಂಬುದು ಎಲ್ಲರ ಎದುರಿಗೆ ಘೋಷಣೆಯಾಗುತ್ತದೆ. ಎರಡನೆಯದಾಗಿ, ಜೋಡಿ ಕಟ್ಟುವ ಹಿರಿಯರು ಸಮಬಲವನ್ನು ನೋಡಿ ಕಟ್ಟುತ್ತಾರೆ. ತಪ್ಪು ಜೋಡಿಗೆ ಜನರೇ ಆಕ್ಷೇಪ ಎತ್ತುತ್ತಾರೆ. ಪಯಸ್ ಕಂಡ ತೀರ್ಪುಗಾರರ ಕೆಲಸ ಇದೇ. ಮೂರನೆಯದಾಗಿ, ಕಲಿಕೆಯ ವೆಚ್ಚ ಬಹುಮಟ್ಟಿಗೆ ಸಮುದಾಯದ್ದು. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಮುಂತಾದವನ್ನು ಬೆರೆಸಿ ಮಟ್ಟಿ ಹದಗೊಳಿಸುವುದರಿಂದ ಹಿಡಿದು ಗದೆ, ಲೋಡುಗಳನ್ನು ಒದಗಿಸುವವರೆಗೆ ಗರಡಿ ಊರಿನ ಇಲ್ಲವೆ ಕೇರಿಯ ಆಸ್ತಿ. ಉಸ್ತಾದರು ಉಳುಕು ತೆಗೆಯುವ, ಮೂಳೆ ಕೂಡಿಸುವ ಕೆಲಸದ ಮೂಲಕ ಊರಿನ ಋಣ ತೀರಿಸುತ್ತಿದ್ದರು. ಕೊಡುಕೊಳ್ಳುವಿಕೆ ಎರಡೂ ದಿಕ್ಕಿನಲ್ಲಿತ್ತು.

ಕರಾವಳಿಯ ಕಂಬಳದಲ್ಲಿ ಬಹುಮಾನದ ಹಂಚಿಕೆ ಇನ್ನೊಂದು ಬಗೆಯದು. ಹಿಂದೆ ಗೆದ್ದ ಕೋಣಗಳ ಯಜಮಾನನಿಗೆ ಬಾಳೆಗೊನೆ, ತೆಂಗಿನಕಾಯಿಗಳ ಮರ್ಯಾದೆ ಇತ್ತು. ಇಂದು ಅದು ಚಿನ್ನದ ಪದಕವಾಗಿದೆ. ಆದರೆ ಚಿನ್ನ ಸೇರುವುದು ಕೋಣಗಳ ಯಜಮಾನನಿಗೆ. ಕೆಸರಿನಲ್ಲಿ ಓಡಿದವನಿಗೆ ಅವನೊಂದಿಗೆ ಮಾಡಿಕೊಂಡ ಮಾತಿನ ಪ್ರಕಾರದ ಹಣ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಓಟಗಾರನೊಬ್ಬ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿ ದೇಶವಿದೇಶಗಳಲ್ಲಿ ಹರಡಿತು. ಆತ ಜೀವನೋಪಾಯಕ್ಕೆ ಕಟ್ಟಡದ ಕೂಲಿ ಮಾಡುತ್ತಿದ್ದವರು. ರಾಜ್ಯ ಸರ್ಕಾರ ಅವರಿಗೆ 3 ಲಕ್ಷ ರೂಪಾಯಿಗಳ ಗೌರವಧನ ನೀಡಿತು. ಕೆಸರುಗದ್ದೆಯ ಓಟವನ್ನು ಓಟಪಥದ ದಾಖಲೆಗಳೊಂದಿಗೆ ಹೋಲಿಸುವುದು ಎಷ್ಟರ ಮಟ್ಟಿಗೆ ಸರಿ ಎಂಬುದು ಬೇರೆ ಮಾತು. ನೋಡುವವರ ಸಂತೋಷಕ್ಕೂ ಓಡುವವನ ಬದುಕಿಗೂ ನಡುವೆ ಇರುವ ದೂರವನ್ನು ಆ ಸುದ್ದಿ ಕೆಲವು ದಿನಗಳ ಮಟ್ಟಿಗೆ ಎತ್ತಿ ತೋರಿಸಿತು.

6. ಆಶ್ರಯ ಕಳಚಿದ ಕಾಲ

20ನೆಯ ಶತಮಾನದ ನಡುವಿನಲ್ಲಿ ಸಂಸ್ಥಾನಗಳು ವಿಲೀನಗೊಂಡವು. 1971ರಲ್ಲಿ ರಾಜಧನವೂ ರದ್ದಾಯಿತು. ಗರಡಿಯ ಪೈಲ್ವಾನನ ಹಿಂದಿದ್ದ ಅನ್ನದ ಆಸರೆ ಇದರೊಂದಿಗೆ ಸಡಿಲವಾಯಿತು. ಪಟಿಯಾಲದ ಆಶ್ರಯದಲ್ಲಿದ್ದ, 1910ರಲ್ಲಿ ಲಂಡನ್ನಿನಲ್ಲಿ ಜಿಬಿಸ್ಕೊನನ್ನು ಎದುರಿಸಿ ಹೆಸರಾದ ಗಾಮಾ ಪೈಲ್ವಾನ್ ದೇಶವಿಭಜನೆಯ ಅನಂತರ ಲಾಹೋರಿನಲ್ಲಿ ಬಡತನದಲ್ಲಿ ದಿನಗಳೆದು 1960ರಲ್ಲಿ ತೀರಿಕೊಂಡರು.

ಉತ್ತರ ಕರ್ನಾಟಕದ ಪೈಲ್ವಾನರಿಗೆ ಕಣಕಾಶಿಯಾಗಿದ್ದ ಕೊಲ್ಹಾಪುರದ ಉದಾಹರಣೆ ಇನ್ನೂ ಹತ್ತಿರದ್ದು. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನಕ್ಕೆ ಬೆಳಗಾವಿ ಸೀಮೆಯ ಪೈಲ್ವಾನರು ನಡೆದುಕೊಳ್ಳುತ್ತಿದ್ದುದು ಸರ್ವವಿದಿತ. ಅದೇ ಪರಂಪರೆಯಿಂದ ಬಂದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದರು. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರ ಪ್ರಯಾಣದ ಖರ್ಚಿಗೆ ಊರವರು ಚಂದಾ ಎತ್ತಿದರು. ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. ಮುಂದೆ ಪೊಲೀಸ್ ಇಲಾಖೆಯಲ್ಲಿ ದುಡಿದ ಜಾಧವರು 1984ರಲ್ಲಿ ಅಪಘಾತದಲ್ಲಿ ಮಡಿದರು. ಅರ್ಜುನ ಪ್ರಶಸ್ತಿ ಸಂದದ್ದು ಮರಣೋತ್ತರವಾಗಿ, 2000ದ ಸಾಲಿನಲ್ಲಿ. ಅರಸನ ಖಜಾನೆ ಮುಚ್ಚಿ ಮಾರುಕಟ್ಟೆಯ ಖಜಾನೆ ತೆರೆಯುವ ಮೊದಲಿನ ಈ ಅವಧಿಯಲ್ಲಿ ಆಟಗಾರನಿಗೆ ಉಳಿದದ್ದು ಮರ್ಯಾದೆಯೊಂದೇ, ಅದೂ ತಡವಾಗಿ.

ಸರ್ಕಾರ ಈ ಕೊರತೆಯನ್ನು ಒಂದಿಷ್ಟು ತುಂಬಲು ಯತ್ನಿಸಿದೆ. ಕೇಂದ್ರ ಸರ್ಕಾರ 1994ರಲ್ಲಿ ಸಾಧಕ ಕ್ರೀಡಾಪಟುಗಳಿಗೆ ಪಿಂಚಣಿ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ನೀಡುವ ಪದ್ಧತಿ ಇದೆ. ಉಂಬಳಿಯ ತತ್ತ್ವ ಮಾಸಾಶನದ ರೂಪದಲ್ಲಿ ಉಳಿದಿದೆ ಎಂದು ಇದನ್ನು ಅರ್ಥೈಸಬಹುದು. ಮೊತ್ತ ಮಾತ್ರ ಬಹಳ ಕಿರಿದು.

7. 'ಹವ್ಯಾಸಿ' ಆದರ್ಶ ಮತ್ತು ಅದರ ಹಿಂದಿನ ವರ್ಗಭೇದ

ಹಣಕ್ಕಾಗಿ ಆಡಬಾರದು ಎಂಬ ಆದರ್ಶ ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ಬ್ರಿಟಿಷರೊಂದಿಗೆ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ಹಣ ಪಡೆಯದ 'ಜಂಟಲ್‌ಮನ್' ಮತ್ತು ಹಣ ಪಡೆಯುವ 'ಪ್ಲೇಯರ್' ಎಂಬ ಭೇದ 1962ರವರೆಗೂ ಅಧಿಕೃತವಾಗಿತ್ತು. ಅಲ್ಲಿನ ಫುಟ್‌ಬಾಲ್ ಲೀಗಿನಲ್ಲಿ ಆಟಗಾರನ ವಾರದ ಕೂಲಿಗೆ ವಿಧಿಸಿದ್ದ 20 ಪೌಂಡುಗಳ ಮಿತಿ ರದ್ದಾದದ್ದು 1961ರಲ್ಲಿ, ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ನೀಡಿದ ಮೇಲೆ. ಹವ್ಯಾಸಿ ಆದರ್ಶ ಭೂಮಿಕಾಣಿ ಇದ್ದವರಿಗೆ ಅನುಕೂಲವಾದ ಆದರ್ಶವಾಗಿತ್ತು.

ಈ ಆದರ್ಶ ಭಾರತದ ಜಾತಿವ್ಯವಸ್ಥೆಯನ್ನು ಸಂಧಿಸಿದಾಗ ಏನಾಯಿತು ಎಂಬುದಕ್ಕೆ ಪಾಲವಂಕರ ಬಾಲೂ ಅವರ ಬದುಕು ಸಾಕ್ಷಿ. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ಬೆಳೆದ ಬಾಲೂ ಚಮ್ಮಾರ ಜಾತಿಗೆ ಸೇರಿದವರು. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ, ಉರುಳೆ ಎಳೆಯುವ ಕೆಲಸಕ್ಕೆ ಅವರಿಗೆ ದೊರೆಯುತ್ತಿದ್ದುದು ತಿಂಗಳಿಗೆ 3 ರೂಪಾಯಿ. ಅನಂತರ ಯೂರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಇಂಗ್ಲಿಷ್ ಬ್ಯಾಟುಗಾರರ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆದು ಅವರು ಎಡಗೈ ಸ್ಪಿನ್ ಬೌಲಿಂಗಿನಲ್ಲಿ ಪಳಗಿದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಬ ಅಧಿಕಾರಿ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂಬ ಪ್ರತೀತಿಯಿದೆ. ಹಿಂದೂ ತಂಡದಲ್ಲಿ ಆಡತೊಡಗಿದ ಮೇಲೂ ಅವರಿಗೆ ಚಹಾ ಸಿಗುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಎಸೆಯುವ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠಲರಿಗೆ ದೊರೆಯಿತು.

ಬಾಲೂ ಅವರಿಗೆ ಎಷ್ಟು ಸಲ್ಲಬೇಕಿತ್ತು ಎಂಬ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ. ಕೂಲಿ ಎಷ್ಟಾಯಿತು ಎಂಬುದಕ್ಕಿಂತ, ಕೂಲಿಯ ಜೊತೆಗೆ ಮರ್ಯಾದೆ ಬಂದಿತೆ ಎಂಬುದು ಅವರ ವಿಷಯದಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಕೆಳಜಾತಿಯ ಆಟಗಾರನಿಗೆ ಹಣ ಘನತೆಯ ಒಂದು ದಾರಿ ಎಂಬ ಅಂಶವನ್ನು, ಆಟಗಾರರ ಗಳಿಕೆಯನ್ನು ಟೀಕಿಸುವವರು ಮರೆಯಬಾರದು.

8. ಮಾರುಕಟ್ಟೆಯ ಖಜಾನೆ

1950ರ ದಶಕದಲ್ಲಿ ಭಾರತದ ಕ್ರಿಕೆಟ್ ಆಟಗಾರನಿಗೆ ಟೆಸ್ಟ್ ಪಂದ್ಯವೊಂದಕ್ಕೆ ಸಿಗುತ್ತಿದ್ದುದು 250 ರೂಪಾಯಿ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಆಟಗಾರರಿಗೆ ಬಹುಮಾನ ಕೊಡಲು ಕ್ರಿಕೆಟ್ ಮಂಡಲಿಯಲ್ಲಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ಅವರು ದೆಹಲಿಯಲ್ಲಿ ಹಾಡಿ ಸಂಗ್ರಹಿಸಿಕೊಟ್ಟ 20 ಲಕ್ಷ ರೂಪಾಯಿಗಳಿಂದ ತಲಾ ಒಂದು ಲಕ್ಷ ನೀಡಲಾಯಿತು. ಆ ತಂಡದಲ್ಲಿ ಕರ್ನಾಟಕದ ಸೈಯದ್ ಕಿರ್ಮಾನಿ ಮತ್ತು ಆ ವಿಶ್ವಕಪ್ಪಿನಲ್ಲಿ 18 ವಿಕೆಟ್ ಗಳಿಸಿ ಎಲ್ಲರಿಗಿಂತ ಮುಂದಿದ್ದ ರೋಜರ್ ಬಿನ್ನಿ ಇದ್ದರು. ಪ್ರೇಕ್ಷಕರು ಕೂಡಿ ಪೈಲ್ವಾನನ ಕೈಗೆ ಹಣ ಹಾಕುವ ಜಾತ್ರೆಯ ರೂಢಿಗೂ ಈ ಸಂಗೀತ ಸಭೆಗೂ ಸ್ವರೂಪದಲ್ಲಿ ಹೆಚ್ಚಿನ ಭೇದವಿಲ್ಲ.

ಅನಂತರದ ಬದಲಾವಣೆಗೆ ಕಾರಣವಾದದ್ದು ದೂರದರ್ಶನ ಮತ್ತು ಉಪಗ್ರಹ ವಾಹಿನಿಗಳು. ಕಣದ ಸುತ್ತ ಕೂರಬಹುದಾದ ಜನರ ಸಂಖ್ಯೆಗೆ ಮಿತಿಯಿದೆ. ಪರದೆಯ ಮುಂದೆ ಕೂರುವವರಿಗೆ ಇಲ್ಲ. ತಂತ್ರಜ್ಞಾನ ಒಬ್ಬ ಕಲಾವಿದನನ್ನು ಏಕಕಾಲಕ್ಕೆ ಕೋಟಿ ಜನರಿಗೆ ತಲುಪಿಸಿದಾಗ ಅತ್ಯುತ್ತಮನಿಗೂ ಅವನಿಗಿಂತ ತುಸು ಕಡಿಮೆಯವನಿಗೂ ನಡುವಿನ ಗಳಿಕೆಯ ಅಂತರ ವಿಪರೀತವಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ 1981ರಲ್ಲಿಯೇ ವಿವರಿಸಿದ್ದ. ದೇಸಿ ಆಟಗಳಿಗೂ ಇದು ಅನ್ವಯಿಸಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗಿನ ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಕೂಗು 12.80 ಲಕ್ಷ, 2018ರಲ್ಲಿ 1.51 ಕೋಟಿ, 2023ರಲ್ಲಿ 2.60 ಕೋಟಿಗೂ ಮಿಗಿಲು. ಹಳ್ಳಿಯ ಬಯಲಿನ ಆಟಕ್ಕೆ ಇಂಥ ಬೆಲೆ ಬಂದೀತೆಂದು ಹಿಂದಿನ ತಲೆಮಾರು ಎಣಿಸಿರಲಾರದು.

ಹಾಗಾದರೆ ಈ ಹಣ ಸಲ್ಲತಕ್ಕದ್ದೆ? ಒಂದು ಲೆಕ್ಕವನ್ನು ಪರಿಶೀಲಿಸಬಹುದು. 2023ರಿಂದ 2027ರವರೆಗಿನ ಐದು ವರ್ಷಗಳ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ವರ್ಷಕ್ಕೆ ಸರಾಸರಿ 9,678 ಕೋಟಿ. 2025ರ ಸಾಲಿಗೆ ಒಂದೊಂದು ತಂಡಕ್ಕೆ ಹರಾಜಿನ ವೆಚ್ಚದ ಮಿತಿ 120 ಕೋಟಿ. ಹತ್ತು ತಂಡಗಳಿಗೆ 1,200 ಕೋಟಿ. ಅಂದರೆ ಪ್ರಸಾರ ಹಕ್ಕಿನ ಒಂದು ವರ್ಷದ ಹಣಕ್ಕೆ ಹೋಲಿಸಿದರೆ ಎಂಟರಲ್ಲಿ ಒಂದು ಭಾಗ. ಪಂದ್ಯಶುಲ್ಕ ಮುಂತಾದವನ್ನು ಸೇರಿಸಿದರೂ ಈ ಪ್ರಮಾಣ ಬಹಳವಾಗಿ ಬದಲಾಗದು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರ ಸಂಘ ಮಾಡಿಕೊಂಡಿರುವ ಒಪ್ಪಂದದ ಪ್ರಕಾರ ಆಟದಿಂದ ಬರುವ ಆದಾಯದ ಸುಮಾರು ಅರ್ಧ ಆಟಗಾರರಿಗೆ ಸೇರುತ್ತದೆ. ಭಾರತದಲ್ಲಿ 2019ರಲ್ಲಿ ರೂಪುಗೊಂಡ ಕ್ರಿಕೆಟ್ ಆಟಗಾರರ ಸಂಘ ನಿವೃತ್ತರದ್ದು. ಹಾಲಿ ಆಟಗಾರರ ಪರವಾಗಿ ಚೌಕಾಸಿ ಮಾಡುವ ಮಾನ್ಯ ಸಂಘವಿಲ್ಲ. ಆದುದರಿಂದ 27 ಕೋಟಿಯನ್ನು ಕಂಡು ಬೆರಗಾಗುವವರು, ಉಳಿದ ಸಾವಿರಾರು ಕೋಟಿ ಯಾರ ಪಾಲಾಗುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ಆಟಗಾರ ಪಡೆಯದ ಹಣ ರೈತನಿಗಾಗಲಿ ಶಿಕ್ಷಕನಿಗಾಗಲಿ ಹೋಗುವುದಿಲ್ಲ. ಅದು ಮಂಡಲಿ ಮತ್ತು ತಂಡದ ಒಡೆಯರಲ್ಲಿ ಉಳಿಯುತ್ತದೆ.

ಇನ್ನೊಂದು ಅಂತರ ಆಟಗಾರರ ನಡುವೆಯೇ ಇದೆ. 2021ರ ಪರಿಷ್ಕರಣೆಯಂತೆ ರಣಜಿ ಆಟಗಾರನಿಗೆ ಅನುಭವಕ್ಕೆ ತಕ್ಕಂತೆ ದಿನಕ್ಕೆ 40,000ದಿಂದ 60,000 ರೂಪಾಯಿ ನಿಗದಿಯಾದಾಗ ಹಿರಿಯ ಮಹಿಳಾ ಆಟಗಾರ್ತಿಗೆ ನಿಗದಿಯಾದದ್ದು 20,000. 2005ರ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯದವರೆಗೆ ಹೋದ ತಂಡಕ್ಕೆ ಪಂದ್ಯವೊಂದಕ್ಕೆ ತಲಾ 1,000 ರೂಪಾಯಿ ಸಿಕ್ಕಿತೆಂದು ಆ ತಂಡದ ನಾಯಕಿ ಮಿಥಾಲಿ ರಾಜ್ ಹೇಳಿಕೊಂಡಿದ್ದಾರೆ. 1976ರಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟ್ ಗೆಲುವಿಗೆ ನಾಯಕಿಯಾಗಿದ್ದ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ತಲೆಮಾರಿಗೆ ಅಷ್ಟೂ ಇರಲಿಲ್ಲ. ಕಾಯ್ದಿರಿಸದ ರೈಲುಬೋಗಿಗಳಲ್ಲಿ ಪ್ರಯಾಣ ಮಾಡಿ ಅವರು ಆಡಿದರು. 2022ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಪಂದ್ಯಶುಲ್ಕವನ್ನು ಪುರುಷರಿಗೂ ಮಹಿಳೆಯರಿಗೂ ಸಮನಾಗಿಸಲಾಯಿತು. 2023ರ ಮಹಿಳಾ ಲೀಗಿನ ಹರಾಜಿನಲ್ಲಿ ಸ್ಮೃತಿ ಮಂಧಾನಾ ಅವರಿಗೆ ಬೆಂಗಳೂರು ತಂಡ 3.40 ಕೋಟಿ ನೀಡಿತು. ಅದೇ ಕೌಶಲ, ಅದೇ ಶ್ರಮ. ನೋಡುವ ಕಣ್ಣುಗಳು ಬಂದ ಮೇಲೆ ಬೆಲೆ ಬಂದಿತು. ಮಾರುಕಟ್ಟೆಯ ಬೆಲೆ ಅರ್ಹತೆಯ ಅಳತೆಯಾಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

9. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ದೇಹದ ದುಡಿಮೆಯನ್ನು ಪ್ರದರ್ಶಿಸುವವನಿಗೆ ಹಣ ಸಲ್ಲಬಾರದೆಂಬ ಭಾವನೆ ಕನ್ನಡದ ಜನಪದ ಪರಂಪರೆಯದಲ್ಲ. ಮಾನಸೋಲ್ಲಾಸದಿಂದ ಜಾತ್ರೆಯ ಕಣದವರೆಗೆ ಎಲ್ಲ ಕಡೆಯೂ ಅವನಿಗೆ ಅನ್ನವೂ ಮರ್ಯಾದೆಯೂ ನ್ಯಾಯವಾಗಿ ಸಲ್ಲತಕ್ಕವು ಎಂಬ ಒಪ್ಪಿಗೆಯಿತ್ತು. ಆಟದ ಆಯುಷ್ಯ ಕಿರಿದು, ಗಾಯದ ಭಯ ಸದಾ ಇರುವಂಥದು ಎಂಬ ಅರಿವೂ ಇತ್ತು. ಆ ದೃಷ್ಟಿಯಿಂದ ಹರಾಜಿನಲ್ಲಿ ಗೆದ್ದ ಆಟಗಾರನ ಗಳಿಕೆ ಅನ್ಯಾಯದ್ದಲ್ಲ; ಅವನು ತರುವ ಆದಾಯದ ಎದುರಿಗೆ ಅದು ಹೆಚ್ಚಿನದೂ ಅಲ್ಲ.

ಆದರೆ ಹರಾಜು ಮರೆತ ಸಂಗತಿಗಳನ್ನು ಹಳೆಯ ಪದ್ಧತಿಗಳು ನೆನಪಿಸುತ್ತವೆ. ಅರಮನೆ ಗೆಲ್ಲುವ ಮೊದಲೇ ಜಟ್ಟಿಗೆ ಊಟ ಕೊಟ್ಟಿತು. ಇಂದಿನ ವ್ಯವಸ್ಥೆ ಗೆದ್ದು ಬಂದವನನ್ನು ಮಾತ್ರ ಕೊಳ್ಳುತ್ತದೆ, ಕಲಿಯುವ ವರ್ಷಗಳ ಖುರಾಕಿನ ಹೊಣೆಯನ್ನು ಬಡ ತಂದೆತಾಯಿಗಳಿಗೆ ಬಿಡುತ್ತದೆ. ವಿಜಯನಗರ ಗಾಯಗೊಂಡವನಿಗೂ ವಸ್ತ್ರ ನೀಡಿತು. ಇಂದು ಗಾಯಗೊಂಡವನ ಹೆಸರು ಮುಂದಿನ ಹರಾಜಿನ ಪಟ್ಟಿಯಲ್ಲಿ ಉಳಿಯುವ ಭರವಸೆಯಿಲ್ಲ. ಜಾತ್ರೆಯಲ್ಲಿ ಮೊದಲ ಜೋಡಿಗೂ ತೆಂಗಿನಕಾಯಿಯಿತ್ತು. ಕೊನೆಯ ಜೋಡಿಯ ಬೆಳ್ಳಿಯ ಕಡಗ ಅದರಿಂದ ಬಹಳ ದೂರವಿರಲಿಲ್ಲ. ರಾಜಾಶ್ರಯದ ಬಂಧನವಾಗಲಿ ಜಾತಿಯ ಕಟ್ಟುಪಾಡಾಗಲಿ ಮರಳಿ ಬರಬೇಕಾಗಿಲ್ಲ. ಅವು ಹೋದದ್ದು ಒಳ್ಳೆಯದೇ. ಆದರೆ ಬಹುಮಾನದ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಗಟ್ಟಿಗೊಳಿಸುವ ಕೆಲಸವನ್ನು ಮಂಡಲಿಗಳೂ ಸರ್ಕಾರವೂ ಕೈಗೊಳ್ಳದೆ, ಮೇಲಿನ ಮೆಟ್ಟಿಲಿನಲ್ಲಿ ನಿಂತವನ ಗಳಿಕೆಯನ್ನಷ್ಟೇ ಚರ್ಚಿಸುವುದರಿಂದ ಪ್ರಯೋಜನವಿಲ್ಲ. ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿಗೆ ಇಳಿಯುವ ಹುಡುಗನೂ ಹರಾಜಿನ ವೇದಿಕೆಯಲ್ಲಿ ಹೆಸರು ಕೂಗಿಸಿಕೊಳ್ಳುವ ಆಟಗಾರನೂ ಒಂದೇ ದುಡಿಮೆಯವರು ಎಂಬ ತಿಳಿವಳಿಕೆಯಿಂದ ಈ ಚರ್ಚೆ ಮುಂದುವರಿಯಬೇಕಾಗಿದೆ.